ಹಳೆಯ ಅಂಗಿ ಮತ್ತು ಆಯ್ಕೆಯ ವಿವೇಕ: ಗಡಿನಾಡಿನಲ್ಲಿ ನಿಂತು ಕೌದಿಯನ್ನು ಓದುವುದು

ಕನ್ನಡದ ಸಂಸ್ಕೃತಿ ವಿಮರ್ಶೆಗೆ ಕೌದಿ ಚೆನ್ನಾಗಿ ಒಗ್ಗಿಹೋದ ರೂಪಕ. ಬಹುತ್ವದ ಮಾತು ಬಂದಾಗ, ಜಾತಿ ಮತ ಭಾಷೆಗಳ ಸಹಬಾಳ್ವೆಯ ಪ್ರಸ್ತಾಪ ಬಂದಾಗ, ಹಲವು ಬಣ್ಣದ ತುಂಡುಗಳನ್ನು ಒಂದೇ ದಾರ ಹಿಡಿದಿಟ್ಟಿರುವ ಚಿತ್ರ ತಾನಾಗಿ ಮುಂದೆ ಬಂದು ನಿಲ್ಲುತ್ತದೆ. ಹೊಸೂರು, ಡೆಂಕಣಿಕೋಟೆ, ತಳಿ, ಅಂಚೆಟ್ಟಿಗಳಂಥ ಗಡಿನಾಡಿನ ಊರುಗಳ ಬಗ್ಗೆ ಬರೆಯುವವರಿಗೆ ಇದು ಇನ್ನೂ ಸುಲಭವಾಗಿ ಒದಗುತ್ತದೆ. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಕೇಳಿಸುವ ಪ್ರದೇಶವನ್ನು ಕೌದಿ ಎಂದು ಕರೆದರೆ ಯಾರೂ ಆಕ್ಷೇಪಿಸುವುದಿಲ್ಲ.

ಆಕ್ಷೇಪ ಹುಟ್ಟದಿರುವುದೇ ಈ ರೂಪಕದ ಸಮಸ್ಯೆ. ಅದು ಕೌದಿಯನ್ನು ಹೊಲಿದು ಮುಗಿದ ಮೇಲೆ, ದೂರದಿಂದ, ಮೇಲ್ಪದರದ ಕಡೆಯಿಂದ ಮಾತ್ರ ನೋಡುತ್ತದೆ. ಅಲ್ಲಿ ಕಾಣುವುದು ಜೋಡಣೆ. ಆದರೆ ಕೌದಿ ಹೊಲಿಯುವವಳ ಕೆಲಸದಲ್ಲಿ ಜೋಡಣೆಗಿಂತ ಮೊದಲು ಬರುವುದು, ಜೋಡಣೆಗಿಂತ ಕಠಿಣವಾದದ್ದು ಆಯ್ಕೆ. ಯಾವ ಅಂಗಿ ಮೇಲ್ಪದರಕ್ಕೆ, ಯಾವುದು ಹೊಟ್ಟೆಗೆ, ಯಾವುದು ನೆಲ ಒರೆಸಲು, ಯಾವುದು ಮನೆಯಿಂದಲೇ ಹೊರಕ್ಕೆ ಎಂಬ ತೀರ್ಮಾನ ಅದು. ಈ ತೀರ್ಮಾನಗಳನ್ನು ಓದಲು ಬಾರದ ವಿಮರ್ಶೆಗೆ ಕೌದಿಯೂ ಅರ್ಥವಾಗುವುದಿಲ್ಲ, ಕೌದಿಯಂತಿದೆ ಎಂದು ಅದು ಹೇಳುವ ಸಮಾಜವೂ ಅರ್ಥವಾಗುವುದಿಲ್ಲ ಎಂಬುದು ಪ್ರಸ್ತುತ ಲೇಖನದ ನಿಲುವು.

1. ಮಾತುಗಳು

ಮೊದಲು ಹೆಸರುಗಳನ್ನು ಗಮನಿಸಬೇಕು. ಉತ್ತರ ಕರ್ನಾಟಕದಲ್ಲಿ ಕೌದಿ ಎಂಬುದು ರೂಢಿ. ಉತ್ತರ ಕನ್ನಡದ ಸಿದ್ದಿಯರಲ್ಲಿ ಕವಂದಿ. ತೆಲುಗಿನಲ್ಲಿ ಬೊಂತ, ಕನ್ನಡದಲ್ಲಿ ಬೊಂತೆ. ಸಂಸ್ಕೃತದ ಕಂಥಾ ಎಂಬುದು ಕನ್ನಡದ ಕಂತೆಯಾಗಿ, ಬಂಗಾಳದ ಕಾಂಥಾ ಆಗಿ ಉಳಿದಿದೆ. ತಮಿಳಿನಲ್ಲಿ ಚಿಂದಿ ಬಟ್ಟೆಗೆ ಕಂದೈ ಎನ್ನುತ್ತಾರೆ. ಕಂದೈಯನ್ನೇ ಉಟ್ಟರೂ ಒಗೆದು ಉಡಬೇಕೆಂಬ ಗಾದೆ ತಮಿಳರ ಮನೆಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಕನ್ನಡದ ಗಾದೆಗೂ ಇದಕ್ಕೂ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಕನ್ನಡದ್ದು ಅಳತೆಯನ್ನು ಕುರಿತದ್ದು, ತಮಿಳಿನದು ಮರ್ಯಾದೆಯನ್ನು ಕುರಿತದ್ದು. ಅಂಚೆಟ್ಟಿ ಸೀಮೆಯಲ್ಲಿ ಎರಡು ಭಾಷೆಗಳಲ್ಲೂ ಬದುಕುವವರಿಗೆ ಈ ಎರಡು ವಿವೇಕಗಳೂ ಒಟ್ಟಿಗೇ ಲಭ್ಯ. ಹಳೆಯ ಬಟ್ಟೆಯ ಹೊದಿಕೆಗೆ ಇವೆರಡೂ ಬೇಕು: ಇರುವುದರ ಅಳತೆ ಗೊತ್ತಿರಬೇಕು, ಇರುವುದು ಮರ್ಯಾದೆಯಾಗಿಯೂ ಇರಬೇಕು.

ಬೊಂತೆ ಎಂಬ ಶಬ್ದಕ್ಕೆ ಕನ್ನಡದ ನೆನಪಿನಲ್ಲಿ ದೊಡ್ಡ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರೇ ಇದರಿಂದ ಬಂದದ್ದು. ಅರಮನೆಯನ್ನು ತೊರೆದು ದಿಗಂಬರೆಯಾಗಿ ಹೊರಟವಳಿಗೆ ಶಿವನೇ ಬೊಂತೆಯೊಂದನ್ನು ಇತ್ತನೆಂದು ಐತಿಹ್ಯ. ಆಕೆಯ ವಚನಗಳ ಅಂಕಿತ ‘ಬಿಡಾಡಿ’. ಎಲ್ಲ ಉಡುಗೆಯನ್ನೂ ನಿರಾಕರಿಸಿದ ಹೆಣ್ಣಿಗೆ ಕೊನೆಗೆ ಒಪ್ಪಿಗೆಯಾದದ್ದು ಪಟ್ಟೆಯಲ್ಲ, ಬೊಂತೆ ಎಂಬುದನ್ನು ಗಮನಿಸಬೇಕು. ಆಯ್ಕೆಯೆಂಬುದು ನಿರಾಕರಣೆಯಿಂದ ಮೊದಲಾಗುತ್ತದೆ ಎಂಬ ಮಾತಿಗೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

2. ಅಂಗಿಯನ್ನು ಬಿಚ್ಚುವುದು

ಸೀರೆ, ಪಂಚೆ, ಲುಂಗಿಗಳು ಹೊಲಿಗೆಯಿಲ್ಲದ ಉದ್ದ ಬಟ್ಟೆಗಳು. ಹಳತಾದರೂ ಅವು ಹಾಳೆಯಂತೆ ಹರಡಿಕೊಳ್ಳುತ್ತವೆ. ಆದ್ದರಿಂದಲೇ ಸಾಮಾನ್ಯವಾಗಿ ಕೌದಿಯ ಅಡಿಪದರ ಹಳೆಯ ಸೀರೆಯದಾಗಿರುತ್ತದೆ. ಅಂಗಿಯ ವಿಷಯ ಬೇರೆ. ಅದು ಮೊದಲೇ ಒಮ್ಮೆ ಕತ್ತರಿಸಿ ಒಂದು ಮೈಯ ಆಕಾರಕ್ಕೆ ಹೊಲಿದ ಬಟ್ಟೆ. ಅದನ್ನು ಕೌದಿಗೆ ತರಬೇಕಾದರೆ ಆ ಮೈಯ ಆಕಾರವನ್ನು ಬಿಡಿಸಬೇಕು. ಹೀಗೆ ಬಿಡಿಸುವಾಗ ಒಂದೇ ಅಂಗಿಯೊಳಗೆ ಹಲವು ವಯಸ್ಸಿನ ಬಟ್ಟೆಗಳಿರುವುದು ತಿಳಿಯುತ್ತದೆ.

ಕೊರಳಪಟ್ಟಿ ಮತ್ತು ತೋಳಿನ ತುದಿಪಟ್ಟಿಗಳು ಮೊದಲು ಸವೆಯುತ್ತವೆ. ಒಳಗೆ ಗಟ್ಟಿ ಬಟ್ಟೆ ಅಂಟಿಸಿರುವುದರಿಂದ ಅವು ಮಡಚಿದರೂ ಮಣಿಯುವುದಿಲ್ಲ. ಕಂಕುಳ ಭಾಗ ಬೆವರಿನಿಂದ ಸೊರಗಿರುತ್ತದೆ. ನೋಡಲು ಸರಿಯಿದ್ದರೂ ಸೂಜಿ ಹೋದಲ್ಲಿ ಹಿಸಿಯುತ್ತದೆ. ಮೊಣಕೈ ತಾಗುವ ಜಾಗ ತೆಳ್ಳಗಾಗಿರುತ್ತದೆ. ಹೊರೆ ಹೊರುವವನ ಅಂಗಿಯಾದರೆ ಹೆಗಲು ಮೊದಲು ಹೋಗಿರುತ್ತದೆ. ಬೆನ್ನಿನ ಕೆಳಭಾಗ ಉಳಿದೆಲ್ಲ ಕಡೆಗಿಂತ ಅಗಲವಾದ, ನೇರವಾದ ತುಂಡನ್ನು ಕೊಡುತ್ತದೆ. ಷರಾಯಿಯೊಳಗೆ ಸಿಕ್ಕಿಸಿಕೊಂಡು ತೊಟ್ಟ ಅಂಗಿಯಾದರೆ ಅದರ ಕೆಳಅಂಚು ಬಿಸಿಲು ಕಾಣದೆ ಮೂಲ ಬಣ್ಣವನ್ನು ಉಳಿಸಿಕೊಂಡಿರುತ್ತದೆ. ಎದೆಯ ಜೇಬನ್ನು ಬಿಚ್ಚಿದರೆ ಅದರಡಿಯಲ್ಲಿ ಒಂದು ಚೌಕ ಗಾಢವಾಗಿ ಕಾಣುತ್ತದೆ. ಅಂಗಿಯ ಹಳೆಯ ಬಣ್ಣವೂ ಈಗಿನ ಬಣ್ಣವೂ ಒಂದೇ ತುಂಡಿನಲ್ಲಿ ಅಕ್ಕಪಕ್ಕ ಉಳಿಯುವುದು ಇಲ್ಲಿ.

ಇದನ್ನೆಲ್ಲ ಕಣ್ಣಿನಿಂದ ಅರಿಯುವುದು ಕಷ್ಟ, ಬೆರಳಿನಿಂದ ಸುಲಭ. ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದಾಗ ಎಳೆಗಳು ಬಿಟ್ಟುಕೊಡುತ್ತವೆಯೋ ಇಲ್ಲವೋ ತಿಳಿಯುತ್ತದೆ. ಬೆಳಕಿಗೆ ಹಿಡಿದರೆ ಸವೆದ ಜಾಗ ತೋರುತ್ತದೆ. ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿದರೆ ಬಣ್ಣ ಬಿಡುವುದೋ ಎಂಬುದು ಗೊತ್ತಾಗುತ್ತದೆ. ಉಗುರಿನಿಂದ ಗೀರಿ ಮಡಚಿದರೆ ಮಡಿಕೆ ನಿಲ್ಲುವುದೋ ಎಂಬುದೂ ತಿಳಿಯುತ್ತದೆ. ಇಸ್ತ್ರಿಯ ಹಂಗಿಲ್ಲದೆ ಅಂಚುಗಳನ್ನು ಒಳಮಡಚಿ ಹೊಲಿಯುವ ಕೌದಿಗೆ ಈ ಕೊನೆಯ ಪರೀಕ್ಷೆ ಮುಖ್ಯ.

ಇವೆಲ್ಲಕ್ಕಿಂತ ಮಿಗಿಲಾದ ನಿಯಮ ಒಂದಿದೆ: ವಯಸ್ಸಿಗೆ ವಯಸ್ಸು ಸೇರಬೇಕು. ತೀರ ಹಳೆಯ ಮೆತ್ತನೆಯ ಹತ್ತಿಯ ಪಕ್ಕದಲ್ಲಿ ಗಟ್ಟಿಯಾದ ಹೊಸ ಬಟ್ಟೆಯನ್ನಿಟ್ಟು ಹೊಲಿದರೆ ಹರಿಯುವುದು ಹಳೆಯದು. ಅದೂ ಹೊಲಿಗೆಯ ಗೆರೆಯುದ್ದಕ್ಕೂ. ತೊಳೆದಾಗ ಹೊಸದು ಕುಗ್ಗುತ್ತದೆ, ಕುಗ್ಗಿ ಮುಗಿದ ಹಳೆಯದು ಕುಗ್ಗುವುದಿಲ್ಲ. ನಡುವೆ ಸುಕ್ಕು ಬೀಳುತ್ತದೆ. ಬಣ್ಣಗಳ ಹೊಂದಾಣಿಕೆಯ ಬಗ್ಗೆ ನಾವು ಬರೆಯುವ ಪುಟಗಳಿಗೆ ಹೋಲಿಸಿದರೆ ಬಲಗಳ ಈ ಹೊಂದಾಣಿಕೆಯ ಬಗ್ಗೆ ಬರೆದದ್ದು ಅತ್ಯಲ್ಪ. ಆದರೆ ಹತ್ತು ವರ್ಷ ಬಾಳುವ ಕೌದಿಗೂ ಎರಡು ಮಳೆಗಾಲಕ್ಕೆ ಸಡಿಲವಾಗುವ ಕೌದಿಗೂ ನಡುವಿನ ವ್ಯತ್ಯಾಸ ಇರುವುದು ಇಲ್ಲೇ.

3. ಟೆರಿಕಾಟ್ ತಂದ ಪ್ರಶ್ನೆ

ಕೌದಿಯ ಬಗ್ಗೆ ಬರೆಯುವ ಬಹುಪಾಲು ಲೇಖನಗಳು ಹತ್ತಿಯ ಲೋಕವನ್ನೇ ಊಹಿಸಿಕೊಂಡಿವೆ. 1960ರ ದಶಕದ ನಂತರ ಟೆರಿಲಿನ್, ಟೆರಿಕಾಟ್‌ಗಳು ನಮ್ಮ ಗಂಡಸರ ಅಂಗಿಯನ್ನು ಆವರಿಸಿಕೊಂಡವು. ಒಗೆದರೆ ಬೇಗ ಒಣಗುವ, ಇಸ್ತ್ರಿಯಿಲ್ಲದೆಯೂ ನೆಟ್ಟಗಿರುವ, ಬೇಗ ಹರಿಯದ ಈ ಬಟ್ಟೆ ತೊಡುವವನಿಗೆ ವರವಾಗಿ ಕಂಡಿತು. ಅಂಗಿಯಾಗಿ ಅದರ ಗುಣಗಳೆಲ್ಲವೂ ಕೌದಿಯಲ್ಲಿ ದೋಷಗಳಾಗುತ್ತವೆ. ಹರಿಯದ ಬಟ್ಟೆ ಮೆತ್ತಗಾಗುವುದೂ ಇಲ್ಲ. ನೆಟ್ಟಗಿರುವ ಬಟ್ಟೆ ಉಗುರಿನ ಮಡಿಕೆಗೆ ನಿಲ್ಲದೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಬೇಗ ಒಣಗುವ ಬಟ್ಟೆ ಬೆವರನ್ನು ಹೀರುವುದಿಲ್ಲ. ಸೌದೆ ಒಲೆಯ ಮನೆಯಲ್ಲಿ ಕಿಡಿ ಬಿದ್ದರೆ ಹತ್ತಿ ಕರಕಲಾಗುತ್ತದೆ, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಮಗುವಿನ ಹಾಸಿಗೆಯ ವಿಷಯದಲ್ಲಿ ಇದು ಸೌಂದರ್ಯದ ಪ್ರಶ್ನೆಯಲ್ಲ.

ಅಂಚೆಟ್ಟಿಯಲ್ಲಿ ನಿಂತು ನೋಡಿದರೆ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಾವೇರಿಯ ಈಚೆ ದಡದ ಕಾಡು ಗುಡ್ಡಗಳ ನಡುವಿನ ಈ ಊರು ರಾಗಿಯ ಸೀಮೆ. ಚಳಿಗಾಲದ ರಾತ್ರಿಗೆ ದಪ್ಪ ಹೊದಿಕೆ ಬೇಕೇ ಬೇಕು. ಇನ್ನೊಂದು ದಿಕ್ಕಿನಲ್ಲಿ ಹೊಸೂರು. 1980ರ ದಶಕದಿಂದ ಅಲ್ಲಿ ಲಾರಿ, ಕೈಗಡಿಯಾರಗಳ ದೊಡ್ಡ ಕಾರ್ಖಾನೆಗಳೂ ಅವನ್ನು ನೆಚ್ಚಿದ ಅಸಂಖ್ಯ ಸಣ್ಣ ಘಟಕಗಳೂ ಬೆಳೆದವು, ಅದರಾಚೆ ಬೆಂಗಳೂರು. ಕಾರ್ಖಾನೆಗೆ ಹೋಗುವವನ ಮೈಮೇಲೆ ಸಮವಸ್ತ್ರ. ಸಮವಸ್ತ್ರದ ಅಂಗಿಯನ್ನು ತೊಡುವವನೂ ಆರಿಸಿದ್ದಲ್ಲ, ಅವನ ಮನೆಯವಳೂ ಆರಿಸಿದ್ದಲ್ಲ. ಅದರ ಬಣ್ಣ, ನೂಲು, ಎದೆಯ ಮೇಲಿನ ಕಸೂತಿ ಗುರುತು ಎಲ್ಲವೂ ಬೇರೊಬ್ಬರ ತೀರ್ಮಾನ. ಅದು ಹಳತಾಗಿ ಮನೆಗೆ ಉಳಿದಾಗ ಮೊದಲ ಬಾರಿಗೆ ಆ ಬಟ್ಟೆಯ ಬಗ್ಗೆ ಮನೆಯಲ್ಲಿ ಒಂದು ಆಯ್ಕೆ ನಡೆಯುತ್ತದೆ. ಗುರುತಿರುವ ತುಂಡನ್ನು ಕತ್ತರಿಸಿ ತೆಗೆಯುವುದೋ, ಒಳಪದರಕ್ಕೆ ಹಾಕಿ ಮರೆಸುವುದೋ, ಹಾಗೆಯೇ ಮೇಲೆ ಇಡುವುದೋ ಎಂಬ ಆಯ್ಕೆ. ಕೂಲಿಯ ಬದುಕಿನೊಂದಿಗೆ ಮನೆ ಇಟ್ಟುಕೊಂಡಿರುವ ಸಂಬಂಧದ ಬಗ್ಗೆ ಈ ಒಂದು ತೀರ್ಮಾನ ಹೇಳುವಷ್ಟನ್ನು ಪ್ರಶ್ನಾವಳಿಗಳು ಹೇಳಲಾರವು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಬಡತನದಲ್ಲಿ ಆಯ್ಕೆ ಎಲ್ಲಿಯದು, ಇದ್ದದ್ದನ್ನು ಹೊಲಿಯುತ್ತಾರೆ, ಅಷ್ಟೆ. ಅದರಲ್ಲಿ ವಿವೇಕ ಅಭಿರುಚಿಗಳನ್ನು ಕಾಣುವುದು ಓದಿದವರ ಭಾವುಕತೆ ಎಂದು ಹೇಳಬಹುದು. ಆಕ್ಷೇಪದ ಅರ್ಧ ನಿಜ. ಬಟ್ಟೆ ಕಡಿಮೆಯಿದ್ದಷ್ಟೂ ಆಯ್ಕೆಯ ವ್ಯಾಪ್ತಿ ಕಿರಿದಾಗುತ್ತದೆ. ಆದರೆ ವ್ಯಾಪ್ತಿ ಕಿರಿದಾದಾಗ ತೀರ್ಮಾನದ ಭಾರ ಹೆಚ್ಚುತ್ತದೆ. ಹತ್ತು ಅಂಗಿ ಇದ್ದವರು ಒಂದನ್ನು ತಪ್ಪಾಗಿ ಆರಿಸಿದರೆ ನಷ್ಟವಿಲ್ಲ. ಮೂರೇ ಇದ್ದಲ್ಲಿ ತಪ್ಪಿದ ಆಯ್ಕೆಯ ಕೆಳಗೆ ವರ್ಷಗಟ್ಟಲೆ ಮಲಗಬೇಕು. ಇನ್ನರ್ಧ ನಿಜವನ್ನೂ ಬಿಡಬಾರದು. ಟೆರಿಕಾಟ್ ಬಿಟ್ಟು ಬೇರೇನೂ ಇಲ್ಲದ ಮನೆಯ ಕೌದಿ ಕೆಟ್ಟ ಕೌದಿಯೇ. ಹೊಲಿದವಳ ಕೈಚಳಕವನ್ನು ಮೆಚ್ಚಿ ಆ ಕೆಡುಕನ್ನು ಮರೆಮಾಚುವುದು ಅವಳಿಗೆ ಮಾಡುವ ಉಪಕಾರವಲ್ಲ. ಇದು ಕೆಟ್ಟದ್ದು ಎಂದು ಹೇಳಲು ಬಾರದ ವಿಮರ್ಶೆಯ ‘ಒಳ್ಳೆಯದು’ ಎಂಬ ಮಾತಿಗೂ ಬೆಲೆಯಿರುವುದಿಲ್ಲ. ಜಾನಪದ ವಸ್ತುಗಳ ಬಗ್ಗೆ ನಮ್ಮ ಬರಹಗಳು ಮೆಚ್ಚುಗೆಯ ಒಂದೇ ಸ್ವರದಲ್ಲಿ ನಿಂತುಬಿಟ್ಟಿರುವುದಕ್ಕೆ, ಅವುಗಳನ್ನು ಬಳಸುವವರ ಅಳತೆಗೋಲುಗಳನ್ನು ನಾವು ಕಲಿಯದಿರುವುದೇ ಕಾರಣ.

4. ಮೂರು ಓದುಗಳು

ಕೌದಿಯನ್ನು ಲೋಕ ಹೇಗೆ ಓದಿದೆ ಎಂಬುದಕ್ಕೆ ಮೂರು ಪ್ರಸಂಗಗಳನ್ನು ಪರಿಶೀಲಿಸಬಹುದು.

ಮೊದಲನೆಯದು ನಮ್ಮದೇ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕವಂದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅಧ್ಯಯನ ಮಾಡಿದರು. 2011ರಲ್ಲಿ ಅವು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಕವಂದಿಯನ್ನು ಅಂಚಿನಿಂದ ಮೊದಲುಮಾಡಿ ನಡುವಿನ ಕಡೆಗೆ ಸುತ್ತು ಸುತ್ತಾಗಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಚಿದ ತ್ರಿಕೋನದ ಪದರುಗಳನ್ನು ಇಡುತ್ತಾರೆ. ಅವಕ್ಕೆ ‘ಫೂಲ’ ಎಂದು ಹೆಸರು. ಫೂಲವಿಲ್ಲದ ಕವಂದಿ ಅವರ ದೃಷ್ಟಿಯಲ್ಲಿ ಬತ್ತಲೆ. ಆಫ್ರಿಕಾ ಮೂಲದ ಸಮುದಾಯವೊಂದರ ಕೃತಿಗಳು ಆಫ್ರಿಕನ್ ವಲಸೆಯ ಅಧ್ಯಯನಕ್ಕೆ ಮೀಸಲಾದ ಕೇಂದ್ರದಲ್ಲಿ ತೂಗಿದಾಗ ಇದರಲ್ಲಿ ಆಫ್ರಿಕಾ ಎಷ್ಟು ಎಂಬ ಕುತೂಹಲ ಹುಟ್ಟುವುದು ಸಹಜ. ಆದರೆ ಆ ಪ್ರಶ್ನೆ ಮುಂದೆ ಬಂದಾಗ ಬಟ್ಟೆ ಹಿಂದೆ ಸರಿಯುತ್ತದೆ. ಫೂಲದಂಥ ಒಂದು ಮಾತು ಆ ಹೆಂಗಸರ ವಿಮರ್ಶೆಯ ಪರಿಭಾಷೆ. ಯಾವುದು ಪೂರ್ಣ, ಯಾವುದು ಅಪೂರ್ಣ ಎಂದು ಅವರು ನಿರ್ಣಯಿಸುವುದು ಅದರಿಂದ. ಮೂಲವನ್ನು ಹುಡುಕುವ ಓದಿಗಿಂತ ಈ ನಿರ್ಣಯಗಳನ್ನು ಹುಡುಕುವ ಓದು ಹೆಚ್ಚು ಫಲ ಕೊಡುತ್ತದೆ. ಗಡಿನಾಡಿನ ನಮಗೆ ಇದರಲ್ಲೊಂದು ಎಚ್ಚರಿಕೆಯಿದೆ. ಅಂಚೆಟ್ಟಿಯ ಹೊದಿಕೆಯ ಮುಂದೆ ನಿಂತು ಇದರಲ್ಲಿ ಕನ್ನಡ ಎಷ್ಟು ಎಂದು ಕೇಳುವ ಆಸೆ ನಮಗೂ ಆಗುತ್ತದೆ. ಬಟ್ಟೆಗೆ ಭಾಷೆಯಿಲ್ಲ, ಬಟ್ಟೆಯನ್ನು ಆರಿಸುವಾಗ ಆಡುವ ಮಾತಿಗೆ ಇದೆ. ಕೇಳಬೇಕಾದದ್ದು ಆ ಮಾತನ್ನು.

ಎರಡನೆಯದು ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರ ಕೌದಿಗಳು. 2002ರಲ್ಲಿ ಹ್ಯೂಸ್ಟನ್ನಿನಲ್ಲೂ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲೂ ಅವು ಪ್ರದರ್ಶನಗೊಂಡಾಗ ವಿಮರ್ಶಕರು ಅವನ್ನು ಆಧುನಿಕ ಅಮೂರ್ತ ಚಿತ್ರಕಲೆಯ ಸಾಲಿನಲ್ಲಿಟ್ಟು ಕೊಂಡಾಡಿದರು. ಅಲ್ಲಿನ ಪ್ರಸಿದ್ಧ ಕೌದಿಗಳಲ್ಲಿ ಒಂದು 1942ರಲ್ಲಿ ಮಿಸೌರಿ ಪೆಟ್‌ವೇ ಹೊಲಿದದ್ದು. ಗಂಡ ತೀರಿಕೊಂಡ ಮೇಲೆ ಅವನ ದುಡಿಮೆಯ ಬಟ್ಟೆಗಳಿಂದಲೇ ಆಕೆ ಅದನ್ನು ಹೊಲಿದಳು; ಅವನನ್ನು ನೆನೆಯುವುದಕ್ಕೆ, ಅದರ ಕೆಳಗೆ ಮಲಗುವುದಕ್ಕೆ ಎಂದು ತಾಯಿ ಹೇಳಿದ್ದನ್ನು ಮಗಳು ನೆನೆಸಿಕೊಂಡಿದ್ದಾಳೆ. ಬಿಳಿಚಿಹೋದ ನೀಲಿ, ಬೂದು ಬಣ್ಣಗಳ ಆ ಕೌದಿಯನ್ನು ಚಿತ್ರದಂತೆ ನೋಡಿದರೆ ಸಂಯಮದ ವರ್ಣವಿನ್ಯಾಸ ಕಾಣುತ್ತದೆ. ಆ ಸಂಯಮದ ಮೂಲ ವರ್ಣಸಿದ್ಧಾಂತವಲ್ಲ. ಬೇರೆ ಯಾರ ಬಟ್ಟೆಯನ್ನೂ ಸೇರಿಸಬಾರದು ಎಂಬ ತೀರ್ಮಾನ. ನಮ್ಮ ಹಲವು ಸಮುದಾಯಗಳಲ್ಲಿ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳದೆ ದಾನ ಮಾಡುವ, ನೀರಿಗೆ ಬಿಡುವ ರೂಢಿಯಿದೆ. ಆದರೆ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತೊಡಿಸದೆ ಬಾಳಿದ ಹಿರಿಯರ ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತುವ ರೂಢಿಯೂ ಇದೆ. ಯಾರ ಅಂಗಿ ಕೌದಿಗೆ ಬರಬಹುದು, ಯಾರದು ಬರಬಾರದು ಎಂಬುದು ನೂಲಿನ ಗುಣದಿಂದಷ್ಟೇ ನಿರ್ಧಾರವಾಗುವುದಿಲ್ಲ ಎಂಬುದಕ್ಕೆ ಎರಡೂ ಸಂಸ್ಕೃತಿಗಳು ಬೇರೆ ಬೇರೆ ದಿಕ್ಕಿನಿಂದ ಸಾಕ್ಷಿ ಹೇಳುತ್ತವೆ.

ಮೂರನೆಯದು ಸಾಹಿತ್ಯದ್ದು. ಆಲಿಸ್ ವಾಕರ್ 1973ರಲ್ಲಿ ಪ್ರಕಟಿಸಿದ ‘ಎವರಿಡೇ ಯೂಸ್’ ಕಥೆ ನಮ್ಮ ಇಂಗ್ಲಿಷ್ ತರಗತಿಗಳಿಗೆ ಅಪರಿಚಿತವಲ್ಲ. ಅಜ್ಜಿಯ ಉಡುಪು, ಅಜ್ಜನ ಅಂಗಿ, ಮುತ್ತಜ್ಜನ ಸೈನಿಕ ಸಮವಸ್ತ್ರದ ಚೂರು ಸೇರಿದ ಕೌದಿಗಳಿಗಾಗಿ ಇಬ್ಬರು ಅಕ್ಕತಂಗಿಯರ ನಡುವೆ ಕಲಹ. ಓದಿದ ಅಕ್ಕ ಅವನ್ನು ಗೋಡೆಗೆ ತೂಗುಹಾಕಬೇಕೆನ್ನುತ್ತಾಳೆ. ತಂಗಿ ಹೊದ್ದು ಹರಿಯುತ್ತಾಳೆಂಬುದು ಅವಳ ಆತಂಕ. ಕಲೆ ಮತ್ತು ಬಳಕೆಗಳ ವಿರೋಧವಾಗಿ ಈ ಕಥೆಯನ್ನು ಬೋಧಿಸುವುದು ವಾಡಿಕೆ. ಅದು ಅರ್ಧದ ಓದು. ಹರಿದುಹೋದರೆ ಏನು ಎಂಬ ಮಾತಿಗೆ ಕಥೆಯೇ ಉತ್ತರ ಕೊಡುತ್ತದೆ: ತಂಗಿಗೆ ಹೊಲಿಯಲು ಬರುತ್ತದೆ. ಅಂದರೆ ಇಲ್ಲಿ ನಿಜವಾದ ಪಿತ್ರಾರ್ಜಿತ ಕೌದಿಯಲ್ಲ, ಯಾವ ಅಂಗಿಯಿಂದ ಯಾವ ಚೂರನ್ನು ತೆಗೆಯಬೇಕೆಂದು ಬಲ್ಲ ಕೈ. ಅಕ್ಕನಿಗೆ ದಕ್ಕಬಹುದಾದದ್ದು ಹಿಂದಿನವರ ಆಯ್ಕೆಗಳ ಫಲ; ತಂಗಿಗೆ ದಕ್ಕಿರುವುದು ಆಯ್ಕೆಯ ಶಕ್ತಿ. ವಸ್ತುಸಂಗ್ರಹಾಲಯಗಳಿಗೂ ನಮ್ಮಂಥ ಅಧ್ಯಯನ ಕೇಂದ್ರಗಳಿಗೂ ಈ ವ್ಯತ್ಯಾಸ ಅನ್ವಯಿಸುತ್ತದೆ.

5. ಹೊಸ ಬಟ್ಟೆಯ ಕೌದಿ

ಈಗ ಕೌದಿಗೆ ಮಾರುಕಟ್ಟೆಯಿದೆ. ಸ್ವಸಹಾಯ ಗುಂಪುಗಳು, ಕರಕುಶಲ ಮಳಿಗೆಗಳು, ನಗರದ ಮೇಳಗಳು ಅದನ್ನು ಮಾರುತ್ತವೆ. ಹೊಲಿಯುವವರಿಗೆ ಕೂಲಿ ಸಿಗುತ್ತದೆ. ಅದನ್ನು ಹಗುರಾಗಿ ಕಾಣುವ ಹಕ್ಕು ಸಂಬಳದ ಅಧ್ಯಾಪಕರಿಗಿಲ್ಲ. ಆದರೆ ಬದಲಾವಣೆ ಏನು ಎಂಬುದನ್ನಾದರೂ ಸರಿಯಾಗಿ ಹೇಳಬೇಕು. ಕೊಳ್ಳುವವರಿಗೆ ಅಪರಿಚಿತರ ಹಳೆಯ ಅಂಗಿ ಬೇಡ. ಹೀಗಾಗಿ ಥಾನಿನ ಹೊಸ ಬಟ್ಟೆಯನ್ನೋ ಸಿದ್ಧ ಉಡುಪು ಕಾರ್ಖಾನೆಯ ಕತ್ತರಿ ಚೂರುಗಳನ್ನೋ ಒದಗಿಸಲಾಗುತ್ತದೆ. ಬಣ್ಣದ ಪಟ್ಟಿಯೂ ವಿನ್ಯಾಸಕಾರರಿಂದ ಬರುತ್ತದೆ. ಹೆಂಗಸರ ಪಾಲಿಗೆ ಉಳಿಯುವುದು ಹೊಲಿಗೆ. ಹೊಲಿಗೆಯೇ ಪರಂಪರೆ ಎಂದು ತಿಳಿದವರಿಗೆ ಇದರಲ್ಲಿ ಏನೂ ಕಳೆದಂತೆ ಕಾಣುವುದಿಲ್ಲ. ಆಯ್ಕೆಯೇ ಪರಂಪರೆಯ ತಿರುಳು ಎನ್ನುವುದಾದರೆ ಕಳೆದದ್ದು ತಿರುಳೇ.

ಹೊರಗಿನಿಂದ ಬಂದ ಬಟ್ಟೆ ಎಂಬ ಕಾರಣಕ್ಕೇ ಕೌದಿ ಕೆಡಬೇಕಾಗಿಲ್ಲ ಎಂಬುದಕ್ಕೂ ಜೀಸ್ ಬೆಂಡ್‌ನಲ್ಲಿ ಉದಾಹರಣೆಯಿದೆ. ಆ ಭಾಗದಲ್ಲಿ 1966ರಲ್ಲಿ ಆರಂಭವಾದ ಹೊಲಿಗೆಯವರ ಸಹಕಾರಿ ಸಂಘಕ್ಕೆ 1972ರಲ್ಲಿ ಸಿಯರ್ಸ್ ಕಂಪನಿಯಿಂದ ಕಾರ್ಡುರಾಯ್ ದಿಂಬುಚೀಲಗಳ ಗುತ್ತಿಗೆ ಸಿಕ್ಕಿತು. ಗುತ್ತಿಗೆಯ ಕೆಲಸದಲ್ಲಿ ಹೆಂಗಸರ ಸ್ವಾತಂತ್ರ್ಯಕ್ಕೆ ಎಡೆಯಿರಲಿಲ್ಲ. ಆದರೆ ಉಳಿದ ಚೂರುಗಳನ್ನು ಮನೆಗೆ ಒಯ್ದು ತಮ್ಮ ಹಾಸಿಗೆಗೆಂದು ಹೊಲಿದ ಕಾರ್ಡುರಾಯ್ ಕೌದಿಗಳು ಆ ಊರಿನ ಉತ್ತಮ ಕೃತಿಗಳಲ್ಲಿ ಸೇರುತ್ತವೆ. ಒಂದೇ ಬಟ್ಟೆ, ಅದೇ ಕೈಗಳು. ಫಲ ಬೇರೆಯಾದದ್ದು ತೀರ್ಮಾನ ಯಾರದು ಎಂಬುದರಿಂದ. ಬೆಂಗಳೂರು ಮತ್ತು ಹೊಸೂರಿನ ಉಡುಪು ಕಾರ್ಖಾನೆಗಳ ಚೂರುಗಳು ಗಡಿನಾಡಿನ ಮನೆಗಳಿಗೆ ಬಂದರೂ ಇದೇ ಪ್ರಶ್ನೆಯನ್ನು ಕೇಳಬೇಕು.

6. ರೂಪಕಕ್ಕೆ ಮರಳಿ

ಈಗ ಆರಂಭದ ರೂಪಕವನ್ನು ಮತ್ತೊಮ್ಮೆ ನೋಡಬಹುದು. ಗಡಿನಾಡು ಕೌದಿಯಂತಿದೆ ಎನ್ನುವಾಗ ನಾವು ತುಂಡುಗಳ ಬಗ್ಗೆ ಮಾತಾಡುತ್ತೇವೆ. ಆರಿಸುವವರ ಬಗ್ಗೆ ಸುಮ್ಮನಿರುತ್ತೇವೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ಮೊದಲಾಗಿ ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯ ಮಾಡಿತು. ತಮಿಳು ಕಲಿಯುವುದು ಇಲ್ಲಿಯವರಿಗೆ ಹೊರೆಯಲ್ಲ. ಸಂತೆಯಲ್ಲೂ ಕಛೇರಿಯಲ್ಲೂ ಅವರು ಅದನ್ನು ಆಡುತ್ತಲೇ ಬಂದಿದ್ದಾರೆ. ಪ್ರಶ್ನೆ ಇರುವುದು ಕನ್ನಡ ಶಾಲೆಯ ಮಗುವಿನ ಹಾಸಿಗೆಗೆ ಯಾವ ತುಂಡು ಎಲ್ಲಿ ಬರಬೇಕೆಂದು ಯಾರು ನಿರ್ಧರಿಸುತ್ತಾರೆ ಎಂಬುದರಲ್ಲಿ. ಕೌದಿಯಲ್ಲಿ ಆರಿಸುವವಳು ಅದನ್ನು ಹೊದ್ದು ಮಲಗುವ ಮನೆಯವಳು. ಭಾಷಾನೀತಿಯಲ್ಲಿ ಆರಿಸುವವರು ಚೆನ್ನೈಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಅಲ್ಲಿನ ತುಂಡು ಸಮವಸ್ತ್ರದ ಅಂಗಿಯಂತೆ ಸಿದ್ಧವಾಗಿಯೇ ಬರುತ್ತದೆ. ಇವೆರಡನ್ನೂ ಒಂದೇ ರೂಪಕದಲ್ಲಿ ಮುಚ್ಚಿದರೆ ಸಹಬಾಳ್ವೆಯ ಚಿತ್ರ ಚೆಂದವಾಗುತ್ತದೆ, ಅಧಿಕಾರದ ಪ್ರಶ್ನೆ ಅಡಗಿಹೋಗುತ್ತದೆ.

ವಯಸ್ಸಿಗೆ ವಯಸ್ಸು ಸೇರಬೇಕೆಂಬ ನಿಯಮವೂ ಇಲ್ಲಿ ಹೊಂದುತ್ತದೆ. ರಾಜ್ಯದ ಬಲವಿರುವ ಭಾಷೆಯ ಪಕ್ಕದಲ್ಲಿ ಮನೆಯೊಳಗಷ್ಟೇ ಉಳಿದಿರುವ ಭಾಷೆಯನ್ನಿಟ್ಟು ಎರಡನ್ನೂ ಒಂದೇ ಬಿಗಿಯಲ್ಲಿ ಹೊಲಿದರೆ ಹರಿಯುವುದು ಯಾವುದೆಂದು ಕೌದಿ ಹೊಲಿಯುವವರು ಬಲ್ಲರು. ಕರ್ನಾಟಕದೊಳಗೆ ತುಳು, ಕೊಡವ, ಲಂಬಾಣಿಗಳ ವಿಷಯದಲ್ಲಿ ಕನ್ನಡವೇ ಆ ಗಟ್ಟಿ ಬಟ್ಟೆಯಾಗಿರುವುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು.

ಹಾಗಾದರೆ ಅಧ್ಯಯನ ಮಾಡಬೇಕಾದದ್ದೇನು? ಮುಗಿದ ಕೌದಿಯ ಛಾಯಾಚಿತ್ರದ ಜೊತೆಗೆ, ಹೊಲಿಯುವ ಮೊದಲು ಬದಿಗೆ ಸರಿಸಿದ ಬಟ್ಟೆಗಳ ರಾಶಿಯನ್ನೂ ದಾಖಲಿಸಬೇಕು. ಯಾವ ಅಂಗಿ ಯಾಕೆ ಬೇಡವಾಯಿತು ಎಂದು ಕೇಳಿ, ಉತ್ತರವನ್ನು ಹೇಳಿದ ಮಾತಿನಲ್ಲೇ, ಅದು ಕನ್ನಡವಾಗಲಿ ತೆಲುಗಾಗಲಿ ತಮಿಳಾಗಲಿ ಮೂರೂ ಬೆರೆತದ್ದಾಗಲಿ, ತಿದ್ದದೆ ಬರೆದುಕೊಳ್ಳಬೇಕು. ಬಟ್ಟೆ ಹಿಸಿಯುವುದಕ್ಕೆ, ಬಣ್ಣ ಬಿಡುವುದಕ್ಕೆ, ಎಳೆ ಸೊರಗುವುದಕ್ಕೆ, ಮೆತ್ತಗಾಗುವುದಕ್ಕೆ ಆ ಸೀಮೆಯಲ್ಲಿರುವ ಪದಗಳು ನಿಘಂಟಿಗೆ ಸೇರಬೇಕಾದವು. ಅದಕ್ಕಿಂತ ಮೊದಲು ನಮ್ಮ ವಿಮರ್ಶೆಯ ಪರಿಭಾಷೆಗೆ ಸೇರಬೇಕಾದವು. ರಸ, ಧ್ವನಿ, ಸಂರಚನೆಗಳ ಪಕ್ಕದಲ್ಲಿ ಈ ಪದಗಳು ಕುಳಿತರೆ, ಯಾವ ಕೃತಿ ಬಾಳುತ್ತದೆ, ಯಾವುದು ಹೊಲಿಗೆಯ ಗೆರೆಯಲ್ಲೇ ಹರಿಯುತ್ತದೆ ಎಂದು ಹೇಳುವ ಶಕ್ತಿ ನಮಗೂ ಬಂದೀತು.